ಹಳೇ ಬಸ್ ನಿಲ್ದಾಣಕ್ಕೆ ಹೊಸ ನಕ್ಷೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಪಟ್ಟಣದ ಬಸ್ ನಿಲ್ದಾಣವನ್ನು ಕೆಡವಿ ಹೊಸದು ಕಟ್ಟುತ್ತಾರಂತೆ. ಈಗ ಬಸ್ಸು ಬಂದು ನಿಲ್ಲುವ 12 ಅಂಕಣಗಳಿವೆ. ಅದೇ ಜಾಗದಲ್ಲಿ 20 ಮಾಡುವುದಾಗಿ ನಕ್ಷೆಯಲ್ಲಿ ತೋರಿಸಿದ್ದಾರೆ. ಇದರಿಂದ ಬಸ್ಸುಗಳ ದಟ್ಟಣೆ ತಗ್ಗೀತೇ?

ಉತ್ತರ: ಒಂದೊಂದು ಬಸ್ಸು ಅಂಕಣದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಮೊದಲು ಕೇಳಿ. ದಟ್ಟಣೆಯ ಒಂದು ಗಂಟೆಯಲ್ಲಿ ಬರುವ ಬಸ್ಸುಗಳ ಸಂಖ್ಯೆಯನ್ನು ಅವು ನಿಲ್ಲುವ ಸರಾಸರಿ ನಿಮಿಷದಿಂದ ಗುಣಿಸಿ 60ರಿಂದ ಭಾಗಿಸಿ. ಗಂಟೆಗೆ 60 ಬಸ್ಸು, ತಲಾ 10 ನಿಮಿಷ ಎಂದರೆ 10 ಅಂಕಣ. ಬಸ್ಸುಗಳು ಸಮ ಅಂತರದಲ್ಲಿ ಬರುವುದಿಲ್ಲ, ಎರಡು ಮೂರು ಒಟ್ಟಿಗೇ ನುಗ್ಗುತ್ತವೆ. ಅದಕ್ಕೆಂದು ಕಾಲು ಭಾಗ ಸೇರಿಸಿದರೆ 13 ಆಯಿತು. ಅವೇ ಬಸ್ಸುಗಳು 20 ನಿಮಿಷ ನಿಂತರೆ 25 ಬೇಕು, ನಿಮ್ಮ 20 ಕೂಡ ಸಾಲದು.

ಅಳೆಯುವುದು ಸುಲಭ. ಒಳಬರುವ ದಾರಿಯಲ್ಲಿ ಒಬ್ಬರು, ಹೊರಹೋಗುವ ದಾರಿಯಲ್ಲಿ ಒಬ್ಬರು ಕೂತು ಪ್ರತಿ ಬಸ್ಸಿನ ನೋಂದಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಮತ್ತು ಸಮಯ ಬರೆದುಕೊಳ್ಳಲಿ. ಅಂಕಣದಲ್ಲಿ ನಿಂತ ಹೊತ್ತು ಬೇರೆಯಾಗಿ ಬೇಕಿದ್ದರೆ ಮೂರನೆಯವರೊಬ್ಬರು ಬೇಕು. ಬೆಳಗ್ಗೆ, ಸಂಜೆ ಎರಡೂ ಹೊತ್ತು ಮಾಡಿ. ಸಂತೆಯ ದಿನ, ರಜೆಯ ಹಿಂದಿನ ದಿನ ಬಿಡಬೇಡಿ. ಜನ ಹತ್ತಿ ಇಳಿಯಲು ಹಿಡಿಯುವ ಹೊತ್ತು ಕಡಿಮೆ, ಮುಂದಿನ ಸರದಿಗಾಗಿ ಖಾಲಿ ನಿಂತ ಬಸ್ಸುಗಳೇ ಜಾಗ ತಿನ್ನುತ್ತವೆ ಎಂಬುದು ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಎದ್ದು ಕಾಣುತ್ತದೆ. ಅಂಥವನ್ನು ಹಿಂಭಾಗದಲ್ಲಿ ಬೇರೆ ನಿಲ್ಲಿಸಿ, ಹೊರಡಲು ಏಳೆಂಟು ನಿಮಿಷ ಇರುವಾಗ ಅಂಕಣಕ್ಕೆ ಕರೆಸಿದರೆ ಈಗಿರುವ 12 ಸಾಕಾದರೂ ಆಶ್ಚರ್ಯವಿಲ್ಲ. ಹೊಸ ನಕ್ಷೆಯಲ್ಲಿ ಮಳಿಗೆಗಳಿಗಾಗಿ ಮೊದಲು ಕತ್ತರಿ ಬೀಳುವುದು ಈ ಹಿಂಭಾಗದ ಜಾಗಕ್ಕೇ. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ.

ಇನ್ನು, 12ರ ಜಾಗದಲ್ಲಿ 20 ಹೇಗೆ ಹಿಡಿಸಿದರು ಎಂದೂ ವಿಚಾರಿಸಿ. ಬಸ್ಸಿನ ಮೈ ಸುಮಾರು 2.5 ಮೀಟರ್ ಅಗಲ, ಎರಡೂ ಕಡೆಯ ಕನ್ನಡಿ ಸೇರಿದರೆ ಹತ್ತಿರಹತ್ತಿರ 3 ಮೀಟರ್. ತಿರುಗಲು ಬೇಕಾದ ಜಾಗ ಅದಕ್ಕಿಂತ ಎಷ್ಟೋ ಹೆಚ್ಚು. ಯುರೋಪಿನ ನಿಯಮದಂತೆ ಬಸ್ಸು 12.5 ಮೀಟರ್ ತ್ರಿಜ್ಯದ ಹೊರವೃತ್ತ ಮತ್ತು 5.3 ಮೀಟರ್ ತ್ರಿಜ್ಯದ ಒಳವೃತ್ತದ ನಡುವೆ ಸುತ್ತಿ ಬರಬೇಕು. ಅಂದರೆ ತಿರುವಿನಲ್ಲಿ ಅದು 7.2 ಮೀಟರ್ ಅಗಲದ ದಾರಿಯನ್ನು ಬಳಸಬಹುದು. ನೇರ ರಸ್ತೆಯಲ್ಲಿ 3.5 ಮೀಟರ್ ಸಾಕೆಂದು ತಿರುವಿಗೂ ಅಷ್ಟೇ ಬಿಟ್ಟರೆ ಹಿಂದಿನ ಚಕ್ರ ಕಟ್ಟೆ ಹತ್ತುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟ ಬಸ್ಸಿನ ಹಿಂಭಾಗ ಎದುರು ದಿಕ್ಕಿಗೆ ಹೊರಳುತ್ತದೆ. ಕಟ್ಟೆಯಂಚಿನ ಕಂಬಗಳಿಗೆ ಪೆಟ್ಟು ಬೀಳುವುದು, ಅಂಚಿನಲ್ಲಿ ನಿಂತವರಿಗೆ ತಗಲುವುದು ಇದರಿಂದಲೇ. ಆದ್ದರಿಂದ 12 ಮೀಟರ್ ಬಸ್ಸಿನ ತಿರುವಿನ ಜಾಡನ್ನು ನಕ್ಷೆಯ ಮೇಲೆ ಗೆರೆ ಹಾಕಿ ತೋರಿಸಲು ಹೇಳಿ. ಖಾಲಿ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ನಿಜವಾದ ಬಸ್ಸನ್ನೇ ಓಡಿಸಿ ನೋಡಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಿಲ್ದಾಣದೊಳಗೆ ಎಷ್ಟು ಸಲ ಡಾಂಬರು ಹಾಕಿದರೂ ಬಸ್ಸು ನಿಲ್ಲುವ ಜಾಗದಲ್ಲೇ ಕುಳಿ ಬೀಳುತ್ತದೆ. ಕಳಪೆ ಕಾಮಗಾರಿಯೇ?

ಉತ್ತರ: ಒಳ್ಳೆಯ ಕಾಮಗಾರಿಯಾದರೂ ಅಲ್ಲಿ ಡಾಂಬರು ಬಾಳುವುದು ಕಷ್ಟ. ತುಂಬಿದ ಬಸ್ಸಿನ ಹಿಂದಿನ ಅಚ್ಚಿನ ಮೇಲೆ 10 ಟನ್ ಆಸುಪಾಸು ಭಾರವಿರುತ್ತದೆ. ಓಡುವ ಚಕ್ರ ಕ್ಷಣದಲ್ಲಿ ದಾಟಿಹೋಗುತ್ತದೆ, ನಿಂತ ಚಕ್ರ ಬಿಸಿಲಿಗೆ ಮೆದುವಾದ ಡಾಂಬರನ್ನು ಒತ್ತುತ್ತಲೇ ಇರುತ್ತದೆ. ಬ್ರೇಕ್ ಹಾಕಿದಾಗ ಮೇಲ್ಪದರ ಮುಂದಕ್ಕೆ ಸರಿದು ಉಬ್ಬುತ್ತದೆ. ಜತೆಗೆ ತೊಟ್ಟಿಕ್ಕುವ ಡೀಸೆಲ್, ಆಯಿಲ್ ಡಾಂಬರನ್ನು ಕರಗಿಸಿ ಜಲ್ಲಿಯನ್ನು ಸಡಿಲ ಮಾಡುತ್ತವೆ.

ಅಂಕಣಕ್ಕೂ ತಿರುವಿಗೂ ಕಾಂಕ್ರೀಟೇ ಸರಿ. ಗಟ್ಟಿ ತಳದ ಮೇಲೆ 20ರಿಂದ 25 ಸೆಂ.ಮೀ. ದಪ್ಪದ ಚಪ್ಪಡಿ, ಸುಮಾರು 4.5 ಮೀಟರಿಗೊಂದು ಜಾಯಿಂಟ್, ಜಾಯಿಂಟ್‌ಗಳಲ್ಲಿ ಭಾರ ದಾಟಿಸುವ ಉಕ್ಕಿನ ಡೋವೆಲ್ ಸರಳು. ಜಾಯಿಂಟನ್ನು ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಆಳಕ್ಕೆ, ಕಾಂಕ್ರೀಟ್ ಗಟ್ಟಿಯಾಗುತ್ತಿರುವ ಮೊದಲ ಕೆಲವೇ ಗಂಟೆಗಳಲ್ಲಿ ಕೊಯ್ಯಬೇಕು. ಮಾರನೆಯ ದಿನಕ್ಕೆ ಬಿಟ್ಟರೆ ಚಪ್ಪಡಿ ತನಗೆ ಬೇಕಾದಲ್ಲಿ ಸೀಳುತ್ತದೆ. ಮಾಮೂಲಿ ಕಾಂಕ್ರೀಟಿಗೆ 14 ದಿನ ನೀರುಣಿಸಿ, 28 ದಿನವಾದ ಮೇಲೆ ಬಸ್ಸು ಬಿಡಿ. ಉದ್ಘಾಟನೆಯ ದಿನ ಹತ್ತಿರವಾಯಿತೆಂದು ಈ 28ರಲ್ಲಿ ಉಳಿಸಲು ಹೋದರೆ ಮುಂದೆ ವರ್ಷವರ್ಷ ತೇಪೆ ಹಚ್ಚಬೇಕಾದೀತು. ನೀರು ಹರಿಯಲು 100ಕ್ಕೆ 1ರಿಂದ 50ಕ್ಕೆ 1ರಷ್ಟು ಇಳಿಜಾರು ಕೊಡಿ. ಇಳಿಜಾರು ಕಟ್ಟೆಯ ಕಡೆಗಿದ್ದರೆ ಹತ್ತುವವರ ಕಾಲಬುಡದಲ್ಲೇ ನೀರು ನಿಲ್ಲುತ್ತದೆ.

ಪ್ರಶ್ನೆ: ಹಳೆಯ ಕಟ್ಟಡವನ್ನು ಉಳಿಸಿಕೊಂಡೇ ನಿಲ್ದಾಣವನ್ನು ನವೀಕರಿಸಿದ ಉದಾಹರಣೆ ಇದೆಯೇ?

ಉತ್ತರ: ಇಂಗ್ಲೆಂಡಿನ ಪ್ರೆಸ್ಟನ್ ಬಸ್ ನಿಲ್ದಾಣವನ್ನು ನೋಡಿ. 1969ರಲ್ಲಿ ಶುರುವಾದಾಗ ಅದರ ಎರಡೂ ಬದಿ ಸೇರಿ 80 ಡಬಲ್ ಡೆಕ್ಕರ್ ಅಂಕಣ, ಮೇಲಿನ ಅಂತಸ್ತುಗಳಲ್ಲಿ ಸುಮಾರು 1,100 ಕಾರುಗಳಿಗೆ ಜಾಗ. 2012ರಲ್ಲಿ ಕೆಡವುವ ತೀರ್ಮಾನವಾಗಿತ್ತು. ಉಳಿಸಬೇಕೆಂಬ ಹೋರಾಟದ ಫಲವಾಗಿ 2013ರಲ್ಲಿ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು. ನವೀಕರಣದಲ್ಲಿ ಬಸ್ಸುಗಳನ್ನೆಲ್ಲ ಪೂರ್ವ ಬದಿಗೆ ತಂದು, ಪಶ್ಚಿಮದ ಬದಿಯನ್ನು ಜನ ಓಡಾಡುವ ಚೌಕವನ್ನಾಗಿ ಮಾಡಿದರು. ಅಂಕಣ ಕಡಿಮೆಯಾದರೂ ನಿಲ್ದಾಣ ನಡೆಯುತ್ತಿದೆ.

ಪ್ರಶ್ನೆ: ಕಾಮಗಾರಿ ಮುಗಿಯುವವರೆಗೆ ಬಸ್ಸು ಎಲ್ಲಿ ನಿಲ್ಲಬೇಕು?

ಉತ್ತರ: ಜಾಗ ದೊಡ್ಡದಿದ್ದರೆ ಅರ್ಧರ್ಧ ಕಟ್ಟಿ. ಚಿಕ್ಕದಿದ್ದರೆ ನಡೆದು ಹೋಗುವಷ್ಟು ಹತ್ತಿರದಲ್ಲಿ ತಾತ್ಕಾಲಿಕ ನಿಲ್ದಾಣ ಮಾಡಿ, ಎಲ್ಲ ಮಾರ್ಗಗಳನ್ನೂ ಒಂದೇ ಕಡೆ ಇಡಿ. ಮೂರು ಕಡೆ ಹಂಚಿದರೆ ಬಸ್ಸು ಬದಲಿಸುವವರು ಊರೆಲ್ಲ ಅಲೆಯಬೇಕಾಗುತ್ತದೆ. ನೆರಳು, ಕುಡಿಯುವ ನೀರು, ಶೌಚಾಲಯ, ರಾತ್ರಿ ದೀಪ ಸಿದ್ಧವಾಗುವವರೆಗೆ ಹಳೆಯ ಕಟ್ಟಡಕ್ಕೆ ಕೈಹಚ್ಚಬೇಡಿ.