ಬೀದರ್ ಚಳಿಗೆ ದಿನಾ ಎಣ್ಣೆ ಹಚ್ಚಿದರೂ ಕಾಲಿನ ಚರ್ಮ ಒಣಗುವುದು ಯಾಕೆ?

ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ. ಇರುವ ನೀರು ಆರಿಹೋಗದಂತೆ ತಡೆಯುತ್ತದೆ, ಅಷ್ಟೇ. ಮೈ ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ತಡೆಯುವುದಕ್ಕೆ ನೀರೇ ಕಮ್ಮಿ ಅಲ್ವಾ?

ಚರ್ಮದ ಮೇಲ್ಪದರದಲ್ಲಿ ಸತ್ತ ಕೋಶಗಳು ಇಟ್ಟಿಗೆಯಂತೆ ಜೋಡಿಸಿರುತ್ತವೆ, ನಡುವೆ ಗಾರೆಯಂತೆ ಜಿಡ್ಡು. ಒಳಗಿನ ನೀರನ್ನು ಹಿಡಿದಿಡುವುದು ಈ ಜಿಡ್ಡೇ. ಡಿಸೆಂಬರ್, ಜನವರಿಯಲ್ಲಿ ಇಲ್ಲಿಯ ಒಣ ಗಾಳಿ ಚರ್ಮದ ನೀರನ್ನು ಬೇಗ ಎಳೆದುಕೊಳ್ಳುತ್ತದೆ. ಅದರ ಮೇಲೆ ಹೊಗೆಯಾಡುವ ಬಿಸಿನೀರು, ಎರಡೆರಡು ಸಲ ಸಾಬೂನು. ಜಿಡ್ಡೂ ತೊಳೆದುಹೋಗುತ್ತದೆ. ಮೊಣಕಾಲಿನ ಕೆಳಗೆ ಎಣ್ಣೆ ಗ್ರಂಥಿಗಳು ಕಮ್ಮಿ. ಅದಕ್ಕೇ ಉಗುರಿನಿಂದ ಗೀರಿದರೆ ಬಿಳಿ ಗೆರೆ ಮೊದಲು ಅಲ್ಲೇ ಮೂಡುವುದು.

ಉಗುರುಬೆಚ್ಚಗಿನ ನೀರಲ್ಲಿ 5–10 ನಿಮಿಷದಲ್ಲಿ ಸ್ನಾನ ಮುಗಿಸಿ. ಸಾಬೂನು ಕಂಕುಳು, ತೊಡೆಸಂದು, ಪಾದಕ್ಕೆ ಸಾಕು. ಟವೆಲ್‌ನಿಂದ ಉಜ್ಜದೆ ಒತ್ತಿಕೊಳ್ಳಿ. ಮೈ ಇನ್ನೂ ಹಸಿ ಇರುವಾಗಲೇ ಮನೆಯಲ್ಲಿರುವ ಕುಸುಬಿ ಎಣ್ಣೆಯನ್ನೋ ವ್ಯಾಸಲಿನ್ನನ್ನೋ ಹಚ್ಚಿ. ದುಬಾರಿ ಲೋಷನ್ ಬೇಕೇಬೇಕು ಅಂತಿಲ್ಲ, ಹಚ್ಚುವ ಹೊತ್ತು ಮುಖ್ಯ. ಹಿಮ್ಮಡಿ ಒಡೆದಿದ್ದರೆ ಯೂರಿಯಾ ಇರುವ ಕ್ರೀಮ್ ಮೆಡಿಕಲ್‌ನಲ್ಲಿ ಸಿಗುತ್ತದೆ (ಹೊಲಕ್ಕೆ ಹಾಕುವ ಗೊಬ್ಬರ ಹಚ್ಚಬೇಡಿ ಮತ್ತೆ!). ಶುಗರ್ ಇದ್ದವರಿಗೆ ಹಿಮ್ಮಡಿ ಬಿರುಕು ಬಿಟ್ಟರೆ ಮನೆಮದ್ದು ಬೇಡ, ಡಾಕ್ಟರಿಗೆ ತೋರಿಸಿ.