ಅತ್ತೆ ಮನೆಯವರಿಗೆ ಹೇಳದೆ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳಬಹುದಾ?

ಆಪರೇಷನ್ ಮಾಡಿಸಿಕೊಳ್ಳಿ. ಹೇಳದೆ ಮಾತ್ರ ಬೇಡ.

ಮುಂದಿನ ತಿಂಗಳು ಸ್ಲೀವ್ (ಹೊಟ್ಟೆಯ ಚೀಲ ಚಿಕ್ಕದು ಮಾಡುವ) ಆಪರೇಷನ್ ಇದೆ, ಅತ್ತೆ ಮನೆಯಲ್ಲಿ ಹರ್ನಿಯಾ ಅಂತ ಹೇಳಿ ಮುಗಿಸ್ತೀನಿ, ಎಷ್ಟು ದಿನ ರಜೆ ಬೇಕು, ರೊಟ್ಟಿ ಯಾವಾಗಿಂದ ತಿನ್ನಬಹುದು ಅಂತ ಕೇಳಿದ್ದೀರಿ. ಓದ್ತಾ ಓದ್ತಾ ನನ್ನ ಕೈ ತಣ್ಣಗಾಯಿತು. ನಾನೂ ಹರ್ನಿಯಾ ಅಂತಲೇ ಹೇಳಿದ್ದೆ.

2021ರ ನವೆಂಬರ್ ಕೊನೆ. ಆಗ ನನ್ನ ಎತ್ತರ ಐದಡಿ ಎರಡಿಂಚು, ತೂಕ 112 ಕೆಜಿ. ಬಿಪಿ ಇತ್ತು, ಮೊಣಕಾಲು ನೋವಿತ್ತು, ರಾತ್ರಿ ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರುತ್ತಿದ್ದೆ. ಮನೆ ಧಾರವಾಡ, ಕೆಲಸ ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಆಪರೇಷನ್ ವಿಷಯ ಗೊತ್ತಿದ್ದದ್ದು ನಮ್ಮ ಮನೆಯವರಿಗೆ, ಅಂದರೆ ನನ್ನ ಗಂಡನಿಗೆ, ಮಾತ್ರ. ಉಳಿದವರಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ. "ತಿನ್ನೋದು ಕಡಿಮಿ ಮಾಡಿದ್ರ ಆತು, ಅದಕ್ಕ ಹೊಟ್ಟಿ ಕೊಯ್ಸ್ಕೋಬೇಕೇನ?" ಈ ಒಂದು ಮಾತಿಗೆ ಹೆದರಿದ್ದೆ. ನೀವೂ ಅದಕ್ಕೇ ಹೆದರಿದ್ದೀರಿ, ಅಲ್ವಾ?

ಮುಚ್ಚಿಡೋದೇನೂ ಕಷ್ಟವಾಗಲಿಲ್ಲ. ಹೊಟ್ಟೆ ಮೇಲೆ ನಾಲ್ಕೈದು ಸಣ್ಣ ತೂತು, ಅವಕ್ಕೆ ಪಟ್ಟಿ. ಹರ್ನಿಯಾ ಅಂದರೆ ಎಲ್ಲರೂ ನಂಬಿದರು. ಆದರೆ ಒಳಗೆ ಹೊಟ್ಟೆಯ ಚೀಲದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದಿರುತ್ತಾರೆ. ಉಳಿಯುವುದು ಬಾಳೆಹಣ್ಣಿನಷ್ಟು ದಪ್ಪದ ಕೊಳವೆ. ಆ ಹೊಟ್ಟೆ ಇಟ್ಟುಕೊಂಡು ನಮ್ಮ ಕಡೆಯ ಊಟದ ಪಂಕ್ತಿಯಲ್ಲಿ ಕೂರಬೇಕು.

ಐದನೇ ವಾರಕ್ಕೆ ಸರಿಯಾಗಿ ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಬಂತು. ಅಣ್ಣಿಗೇರಿ ಕಡೆ ನಮ್ಮವರ ಹೊಲ. ಹೊಲಕ್ಕೆ ಎಡೆಯ ಚರಗ ಚೆಲ್ಲಿ, ಕಡಲೆ ಹೊಲದ ಬದುವಿನ ಮೇಲೆ ಎಲ್ಲರೂ ಊಟಕ್ಕೆ ಕೂತೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ನನಗೆ ಆಗ ಹೇಳಿದ್ದದ್ದು ಮೆತ್ತಗೆ ಬೇಯಿಸಿದ ಹೆಸರುಬೇಳೆ, ಮೊಸರು, ಕಿವುಚಿದ ಪನೀರ್. ಅತ್ತೆಯವರು ಪ್ರೀತಿಯಿಂದಲೇ ತಟ್ಟೆಗೆ ಹಾಕಿದರು. "ಯಾಕವಾ, ಅಡಗಿ ಸೇರಲಿಲ್ಲೇನ? ಹರ್ನಿಯಾ ಆಗಿ ತಿಂಗಳಾತು, ತಿನ್ನು." ಆ ಮಾತಿಗೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಅರ್ಧ ರೊಟ್ಟಿ ತಿಂದೆ. ಒಂದು ಹೋಳಿಗೆ ತಿಂದೆ. ಎದೆ ನಡುವೆ ಕಲ್ಲು ಕೂತ ಹಾಗಾಯಿತು. ಬಾಯಲ್ಲಿ ನೀರು ಬರತೊಡಗಿತು. ಜೋಳದ ಹೊಲದ ಆಚೆ ಹೋಗಿ ವಾಂತಿ ಮಾಡಿ, ಬಾಯಿ ತೊಳೆದುಕೊಂಡು ಬಂದು ಮತ್ತೆ ಕೂತೆ.

ಅವತ್ತೇ ಡಾಕ್ಟರಿಗೆ ಫೋನ್ ಮಾಡಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ನಾನು ಮಾಡಲಿಲ್ಲ. ಇಲ್ಲಿಂದ ಮುಂದಿನದ್ದನ್ನು ದಯವಿಟ್ಟು ನಿಧಾನವಾಗಿ ಓದಿ.

ಮರುದಿನದಿಂದ ಏನು ತಿಂದರೂ ವಾಂತಿ. ದಿನಕ್ಕೆ ಎರಡು ಸಲ, ಕೆಲವು ದಿನ ನಾಲ್ಕು ಸಲ. ಮನೆಯಲ್ಲಿ ಗೊತ್ತಾಗಬಾರದು ಅಂತ ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ವಾಂತಿ ಮಾಡುತ್ತಿದ್ದೆ. ಗುಳಿಗೆ ನುಂಗಿದರೂ ಹೊರಗೆ ಬರುತ್ತಿತ್ತು. ಹಾಗಾಗಿ ವಿಟಮಿನ್ ಗುಳಿಗೆ ಬಿಟ್ಟೆ. ತೂಕ ಬೇರೆ ಭರಭರ ಇಳಿಯುತ್ತಿತ್ತು, ಅದು ಖುಷಿ ಅನ್ನಿಸಿತು. ಮನೆಯವರು ಕೇಳಿದರೆ ಆರಾಮ ಇದ್ದೀನಿ ಅಂದೆ. ಹೀಗೆ ಮೂರು ವಾರ.

ಬಿ1 ಅನ್ನೋ ವಿಟಮಿನ್ ನಮ್ಮ ದೇಹದಲ್ಲಿ ಹೆಚ್ಚೆಂದರೆ ಎರಡು ಮೂರು ವಾರಕ್ಕಾಗುವಷ್ಟೇ ಸಂಗ್ರಹ ಇರುತ್ತದೆ. ಊಟ ಹೊಟ್ಟೆಯಲ್ಲಿ ನಿಲ್ಲದೆ, ಗುಳಿಗೆಯೂ ಇಲ್ಲದಿದ್ದರೆ ಅದು ಖಾಲಿ. ಖಾಲಿಯಾದರೆ ನರಕ್ಕೆ, ಮೆದುಳಿಗೆ ಪೆಟ್ಟು. ನನಗೆ ಮೊದಲು ಪಾದ ಜುಮುಗುಡತೊಡಗಿತು. ಒಂದು ಬೆಳಿಗ್ಗೆ ವಿದ್ಯಾನಗರದಲ್ಲಿ ಚಿಗರಿ ಬಸ್ಸಿನಿಂದ ಇಳಿದು ಹತ್ತು ಹೆಜ್ಜೆ ನಡೆದಿದ್ದೆ. ಹಿಂದಿನಿಂದ ಒಬ್ಬ ಕಾಲೇಜು ಹುಡುಗಿ "ಆಂಟಿ, ನಿಮ್ಮ ಚಪ್ಪಲಿ" ಅಂತ ಕೂಗಿದಳು. ಎಡಗಾಲಿನ ಚಪ್ಪಲಿ ಬಸ್ಸಿನ ಬಾಗಿಲ ಹತ್ತಿರವೇ ಬಿದ್ದಿತ್ತು. ನಾನು ಬರಿಗಾಲಲ್ಲಿ ನಡೆಯುತ್ತಿದ್ದೇನೆ ಅನ್ನೋದೇ ನನಗೆ ಗೊತ್ತಾಗಿರಲಿಲ್ಲ.

ಆಗಲೂ ಬಾಯಿ ಬಿಡಲಿಲ್ಲ. ಸುಸ್ತು ಅಂತ ಅತ್ತೆಯವರೇ ಓಣಿಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಡಾಕ್ಟರು "ಈಚೆಗೆ ಏನಾದರೂ ಆಪರೇಷನ್ ಆಗಿದೆಯಾ?" ಅಂತ ಕೇಳಿದರು. ಪಕ್ಕದಲ್ಲಿ ಅತ್ತೆ ಕೂತಿದ್ದರು. "ಹರ್ನಿಯಾ" ಅಂದೆ. ವಾಂತಿ, ಸುಸ್ತು, ಒಣಗಿದ ನಾಲಿಗೆ ನೋಡಿ ಅವರು ಎರಡು ಬಾಟಲಿ ಗ್ಲೂಕೋಸ್ ಹಾಕಿದರು. ಅವರದ್ದೇನೂ ತಪ್ಪಿಲ್ಲ, ನಾನು ಹೇಳಿದ ಸುಳ್ಳಿಗೆ ಅವರು ಔಷಧ ಕೊಟ್ಟರು. ಆದರೆ ಗ್ಲೂಕೋಸ್ ಬಳಸಿಕೊಳ್ಳಲು ದೇಹಕ್ಕೆ ಬಿ1 ಬೇಕು. ಮೊದಲು ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ, ಉಳಿದ ಚೂರುಪಾರೂ ಅದಕ್ಕೇ ಖರ್ಚಾಗುತ್ತದೆ.

ಮರುದಿನ ಸಂಜೆ ದೇವರ ಜಗುಲಿ ಮೇಲೆ ಹಚ್ಚಿದ್ದ ಒಂದು ದೀಪ ನನಗೆ ಎರಡಾಗಿ ಕಂಡಿತು. ಕಣ್ಣು ಉಜ್ಜಿದೆ, ಮತ್ತೂ ಎರಡೇ. ಎದ್ದರೆ ಗೋಡೆ ಹಿಡಿಯದೆ ನಿಲ್ಲಲು ಆಗಲಿಲ್ಲ. ನಮ್ಮ ಮನೆಯವರು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಅವರೇ ಎಲ್ಲವನ್ನೂ ಹೇಳಿದರು, ಅತ್ತೆಯವರ ಎದುರಿಗೇ. ಡಾಕ್ಟರು ರಕ್ತದ ರಿಪೋರ್ಟಿಗೂ ಕಾಯದೆ ರಕ್ತನಾಳಕ್ಕೆ ಬಿ1 ಚುಚ್ಚಿದರು. ಕಣ್ಣು ಕೆಲವೇ ದಿನಕ್ಕೆ ಸರಿಯಾಯಿತು. ಪಾದಕ್ಕೆ ಏಳು ತಿಂಗಳು ಹಿಡಿಯಿತು. ಎಡಗಾಲಿನ ಎರಡು ಬೆರಳಿಗೆ ಇವತ್ತಿಗೂ ಸ್ಪರ್ಶ ಇಲ್ಲ.

ಹೀಗಾಗಿ ರಜೆ ಎಷ್ಟು ದಿನ ಅನ್ನೋದು ನನ್ನ ಪ್ರಕಾರ ಸಣ್ಣ ಪ್ರಶ್ನೆ. ನಾನು ಮೂರು ವಾರ ಹಾಕಿದ್ದೆ, ಕುರ್ಚಿ ಕೆಲಸಕ್ಕೆ ಅಷ್ಟು ಸಾಕಾಯಿತು. ದೊಡ್ಡ ಪ್ರಶ್ನೆ, ಅಡುಗೆ ಮನೆ ಯಾರ ಕೈಯಲ್ಲಿದೆ ಅನ್ನೋದು. ಅವರಿಗೆ ಗೊತ್ತಿರಲೇಬೇಕು. ಮೊದಲೇ ಹೇಳಿದ್ದರೆ ನಮ್ಮ ಅತ್ತೆ ಬೇಡ ಅಂತ ಖಂಡಿತ ಜಗಳ ಮಾಡುತ್ತಿದ್ದರು. ಮಾಡಲಿ. ಜಗಳ ಮಾಡಿದವರೂ ತಟ್ಟೆಗೆ ರೊಟ್ಟಿ ಹಾಕುವಾಗ ಕೈ ತಡೆಯುತ್ತಾರೆ. ಗೊತ್ತೇ ಇಲ್ಲದವರು ಹೇಗೆ ತಡೆಯಬೇಕು?

ಈ ಒಂದು ತಿಂಗಳಲ್ಲಿ ಮಾಡಬೇಕಾದ್ದು ಬಹಳ ಇದೆ. ವಿಟಮಿನ್ ಬಿ12, ವಿಟಮಿನ್ ಡಿ, ಕಬ್ಬಿಣದ ಅಂಶ ಈಗಲೇ ನೋಡಿಸಿ. ಸಸ್ಯಾಹಾರಿಗಳಾದರೆ ಬಿ12 ಮೊದಲೇ ಕಡಿಮೆ ಇರುವುದೇ ಜಾಸ್ತಿ. ಆಪರೇಷನ್ನಿಗೆ ಎರಡು ವಾರ ಮುಂಚೆ ಅನ್ನ, ಸಿಹಿ ಬಿಡಿಸುತ್ತಾರೆ. ಅದನ್ನು ಕದ್ದು ಮುರಿಯಬೇಡಿ. ಕೊಬ್ಬು ತುಂಬಿದ ಲಿವರ್ ಕುಗ್ಗಲಿ ಅಂತ ಅದನ್ನು ಮಾಡಿಸೋದು, ಲಿವರ್ ದೊಡ್ಡದಿದ್ದರೆ ಅದರ ಹಿಂದಿನ ಹೊಟ್ಟೆ ತಲುಪುವುದೇ ಕಷ್ಟ. ಸಣ್ಣ ಚಮಚದಲ್ಲಿ ತಿನ್ನುವುದನ್ನು, ತುತ್ತನ್ನು ನುಣ್ಣಗೆ ಅಗಿಯುವುದನ್ನು ಇವತ್ತಿಂದಲೇ ಶುರು ಮಾಡಿ. ಊಟದ ನಡುವೆ ನೀರು ಬೇಡ, ಆದ ಮೇಲೂ ಅರ್ಧ ಗಂಟೆ ಬೇಡ. ಬಿಪಿ, ಶುಗರ್ ಗುಳಿಗೆ ಇದ್ದರೆ ಆಮೇಲೆ ಡೋಸ್ ಬದಲಾಗುತ್ತದೆ, ಡಾಕ್ಟರನ್ನು ಕೇಳದೆ ಹಳೆಯದನ್ನೇ ನುಂಗಬೇಡಿ.

ಆಮೇಲೆ ವಿಟಮಿನ್ ಜೀವನಪೂರ್ತಿ. ಕಬ್ಬಿಣದ ಗುಳಿಗೆ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಬಿಡಿ, ಚಹಾ ಜೊತೆ ಎರಡೂ ಬೇಡ. ಮೂರನೇ ನಾಲ್ಕನೇ ತಿಂಗಳಲ್ಲಿ ಬಾಚಣಿಗೆ ತುಂಬ ಕೂದಲು ಬರುತ್ತದೆ, ಅಳಬೇಡಿ, ಮತ್ತೆ ಬೆಳೆಯುತ್ತದೆ. ಪ್ರೋಟೀನ್ ದಿನಕ್ಕೆ 60 ಗ್ರಾಂ ಆದರೂ ಬೇಕು. ಬರೀ ಮೊಸರು ಬೇಳೆಯಲ್ಲಿ ನನಗೆ ಅದು ತುಂಬಲಿಲ್ಲ, ಪನೀರ್ ಜೊತೆ ಪ್ರೋಟೀನ್ ಪುಡಿಯನ್ನೂ ಸೇರಿಸಬೇಕಾಯಿತು. ಇನ್ನೊಂದು ಮಾತು, ರೊಟ್ಟಿ ನಿಮ್ಮನ್ನು ತಾನೇ ತಡೆಯುತ್ತದೆ, ಪೇಢೆ ತಡೆಯುವುದಿಲ್ಲ. ಬಾಯಲ್ಲೇ ಕರಗಿ ಸಲೀಸಾಗಿ ಇಳಿಯುತ್ತದೆ. ಎರಡನೇ ವರ್ಷ ನನಗೆ ಆರು ಕೆಜಿ ವಾಪಸ್ ಬಂದದ್ದು ಲೈನ್ ಬಜಾರಿನ ಪೇಢೆ ಪೊಟ್ಟಣದಿಂದಲೇ. ಈಗ 76ರಲ್ಲಿ ನಿಂತಿದ್ದೇನೆ.

ವಾಂತಿ ಒಂದು ದಿನಕ್ಕೆ ನಿಲ್ಲದಿದ್ದರೆ ಆಪರೇಷನ್ ಮಾಡಿದ ಡಾಕ್ಟರಿಗೇ ಫೋನ್ ಮಾಡಿ. ಯಾವ ಕ್ಲಿನಿಕ್ಕಿಗೆ ಹೋದರೂ ಮೊದಲು ಸ್ಲೀವ್ ಆಗಿದೆ ಅಂತ ಹೇಳಿ. ನನ್ನ ಪರ್ಸಿನಲ್ಲಿ ಅದನ್ನು ಬರೆದ ಚೀಟಿ ಸದಾ ಇರುತ್ತದೆ.

ರೊಟ್ಟಿ ಯಾವಾಗ ಅಂದಿರಲ್ಲ. ಮೂರು ತಿಂಗಳು ಕಳೆದ ಮೇಲೆ ಮೊದಲು ಹಾಲಿನಲ್ಲಿ ನೆನೆಸಿ ಕಾಲು ರೊಟ್ಟಿ ತಿಂದೆ. ಈಗ ಅರ್ಧ ತಿನ್ನುತ್ತೇನೆ, ಅದಕ್ಕೆ ಅರ್ಧ ಗಂಟೆ ಬೇಕು. ಹೋದ ಎಳ್ಳಮಾಸಿಗೆ ಹೊಲದಲ್ಲಿ ನಮ್ಮ ಚಿಕ್ಕತ್ತೆ ಇನ್ನೊಂದು ಹೋಳಿಗೆ ಹಿಡಿದುಕೊಂಡು ಬಂದರು. ಅತ್ತೆಯವರು ಕೂತಲ್ಲಿಂದಲೇ ಮುಷ್ಟಿ ಕಟ್ಟಿ ತೋರಿಸಿದರು. "ಒತ್ತಾಯ ಮಾಡಬ್ಯಾಡ. ಆಕಿ ಹೊಟ್ಟಿ ಇಷ್ಟ ಐತಿ."