6 ಅಡಿ 5 ಇಂಚು ಎತ್ತರದವರಿಗೆ 50 ಸಾವಿರದೊಳಗೆ ಸರಿಹೊಂದುವ ರೋಡ್ ಸೈಕಲ್ ಸಿಗುತ್ತದೆಯೇ?

ನೀವು ಕೇಳಿರುವುದು ಇಷ್ಟು: ಎತ್ತರ 6 ಅಡಿ 5 ಇಂಚು, ಕೈಯಲ್ಲಿರುವುದು 50 ಸಾವಿರ ರೂಪಾಯಿ, ಹೋದ ಅಂಗಡಿಯಲ್ಲೆಲ್ಲ "ನಮ್ಮಲ್ಲಿರುವ ದೊಡ್ಡದೆಂದರೆ ಎಲ್ ಸೈಜು, ಸೀಟು ಎತ್ತರಿಸಿ ಕೊಡುತ್ತೇವೆ, ಸರಿಯಾಗುತ್ತದೆ" ಎನ್ನುತ್ತಾರೆ. ಒಪ್ಪಿಕೊಳ್ಳಬಹುದೇ?

ದಯವಿಟ್ಟು ಒಪ್ಪಿಕೊಳ್ಳಬೇಡಿ. ನಾನು 6 ಅಡಿ 4 ಇಂಚು, ಅಂದರೆ 193 ಸೆಂ.ಮೀ. ಇದೇ ಮಾತನ್ನು ನಂಬಿ ಒಂದು ಸೈಕಲ್ ಕೊಂಡು, ಎರಡು ವರ್ಷ ನೋವು ತಿಂದು, ಕೊನೆಗೆ ಅರ್ಧ ಬೆಲೆಗೆ ಮಾರಿದವನು. ನಿಮ್ಮ ಬಜೆಟ್ಟಿನಲ್ಲಿ ಒಳ್ಳೆಯ ಸೈಕಲ್ ಖಂಡಿತ ಸಿಗುತ್ತದೆ. ಆದರೆ ಅದನ್ನು ಹುಡುಕುವ ದಾರಿ ಬೇರೆ. (ರೋಡ್ ಬೈಕ್ ಎಂದರೆ ನಮ್ಮಲ್ಲಿ ಅರ್ಧ ಜನ ಮೋಟಾರ್ ಸೈಕಲ್ ಎಂದುಕೊಳ್ಳುತ್ತಾರೆ. ಹಾಗಾಗಿ ಬಾಗಿದ ಹ್ಯಾಂಡಲ್ಲಿನ, ತೆಳು ಟೈರಿನ ಈ ಸೈಕಲ್ಲನ್ನು ರೋಡ್ ಸೈಕಲ್ ಎಂದೇ ಬರೆಯುತ್ತೇನೆ.)

ಮೊದಲು ನನ್ನ ಅನುಭವ ಹೇಳುತ್ತೇನೆ. ಮೈಸೂರಿನ ಒಂದು ಅಂಗಡಿಯಲ್ಲಿ ಕೊಂಡದ್ದು 56 ಸೆಂ.ಮೀ. ಅಳತೆಯ ಫ್ರೇಮು. ಸೀಟಿನ ಕಂಬವನ್ನು ಅದರ ಮೇಲೆ ಕೊರೆದ ಗೆರೆಯವರೆಗೂ ಎಳೆದು, ಇನ್ನೂ ಸಾಲದೆ 40 ಸೆಂ.ಮೀ. ಉದ್ದದ ಬೇರೊಂದು ಕಂಬ ಹಾಕಿಕೊಟ್ಟರು. ಅಂಗಡಿಯ ಮುಂದೆ ಎರಡು ಸುತ್ತು ಹೊಡೆದಾಗ ಕಾಲು ಚೆನ್ನಾಗಿ ಚಾಚುತ್ತಿತ್ತು, ಖುಷಿಯಾಯಿತು. ಭಾನುವಾರ ನಂಜನಗೂಡಿಗೆ ಹೋಗಿ ಬರಲು ಶುರು ಮಾಡಿದ ಮೇಲೆ ಅದರ ನಿಜ ರೂಪ ಗೊತ್ತಾಯಿತು. ವಾಪಸು ಬರುವ ಹೊತ್ತಿಗೆ ಎರಡೂ ಕೈಗಳ ಕಿರುಬೆರಳು, ಉಂಗುರಬೆರಳು ಜೋಮು ಹಿಡಿದಿರುತ್ತಿದ್ದವು. ಮನೆಗೆ ಬಂದು ಸ್ನಾನ ಮಾಡಿ ಅಂಗಿ ತೊಟ್ಟರೆ ಗುಂಡಿ ಹಾಕಲು ಬರುತ್ತಿರಲಿಲ್ಲ. ಗುಂಡಿ ಬೆರಳಿಗೆ ಸಿಕ್ಕಿತೋ ಇಲ್ಲವೋ ಎಂಬುದನ್ನು ಕಣ್ಣಿನಿಂದ ನೋಡಿಯೇ ತಿಳಿಯಬೇಕಿತ್ತು. ಕುತ್ತಿಗೆಯ ನೋವು ಬುಧವಾರದವರೆಗೂ ಉಳಿಯುತ್ತಿತ್ತು. ಅಂಗೈ ಬುಡದಲ್ಲಿ ಹಾದುಹೋಗುವ ನರ ಒತ್ತುತ್ತಿದೆ ಎಂದರು ವೈದ್ಯರು. ನಾನೋ, ಇಷ್ಟು ಎತ್ತರದವರಿಗೆ ಈ ಬಗೆಯ ಸೈಕಲ್ಲೇ ಹೇಳಿ ಮಾಡಿಸಿದ್ದಲ್ಲ ಎಂದುಕೊಂಡಿದ್ದೆ.

ಆದದ್ದು ಏನೆಂದರೆ, ಸೀಟು ಏರುತ್ತದೆ, ಹ್ಯಾಂಡಲ್ ಏರುವುದಿಲ್ಲ. ಈಗಿನ ರೋಡ್ ಸೈಕಲ್ಲುಗಳಲ್ಲಿ ಹ್ಯಾಂಡಲ್ಲನ್ನು ಹಳೆಯ ಸೈಕಲ್ಲಿನಂತೆ ಬೋಲ್ಟ್ ಸಡಿಲಿಸಿ ಮೇಲೆಳೆಯಲು ಬರುವುದಿಲ್ಲ. ಅದರ ಎತ್ತರ ಬಹುಪಾಲು ಫ್ರೇಮಿನಲ್ಲೇ ನಿಗದಿಯಾಗಿರುತ್ತದೆ. ಅಡಿಯಲ್ಲಿ ಎರಡು ಮೂರು ಸೆಂ.ಮೀ. ಬಿಲ್ಲೆಗಳನ್ನು ಇಡಬಹುದು, ಅಷ್ಟೇ. ನನ್ನ ಆ ಸೈಕಲ್ಲಿನಲ್ಲಿ ಹ್ಯಾಂಡಲ್ ಸೀಟಿಗಿಂತ ಒಂದು ಗೇಣಿನಷ್ಟು ಕೆಳಗಿತ್ತು. ಮೈಭಾರವೆಲ್ಲ ಅಂಗೈ ಮೇಲೆ ಬೀಳುತ್ತಿತ್ತು. ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಸೀಟಿನ ಕೊಳವೆ ಹಿಂದಕ್ಕೆ ವಾಲಿರುತ್ತದೆ, ಸಾಮಾನ್ಯವಾಗಿ 73 ಡಿಗ್ರಿಯ ಆಸುಪಾಸು. ಆದ್ದರಿಂದ ಸೀಟನ್ನು 10 ಸೆಂ.ಮೀ. ಏರಿಸಿದರೆ ಅದು ಹೆಚ್ಚುಕಡಿಮೆ 3 ಸೆಂ.ಮೀ. ಹಿಂದಕ್ಕೂ ಸರಿಯುತ್ತದೆ. ನೀವು ಹಿಂದಿನ ಚಕ್ರದ ಮೇಲೆ ಕುಳಿತಂತಾಗುತ್ತದೆ. ಚಾಮುಂಡಿ ಬೆಟ್ಟದ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಅತ್ತಿತ್ತ ಅಲೆಯುತ್ತಿದ್ದುದಕ್ಕೆ ಕಾರಣ ಇದೇ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಅಳತೆ ಮಾಡಿಕೊಳ್ಳಿ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ ಅರ್ಧ ಅಡಿ ಬಿಟ್ಟು ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಇಟ್ಟು, ಅದರ ಒಂದು ಅಂಚು ಗೋಡೆಗೆ ತಾಗಿರುವಂತೆ ಬಿಗಿಯಾಗಿ ಮೇಲಕ್ಕೆಳೆಯಿರಿ. ಸೀಟಿನ ಮೇಲೆ ಕುಳಿತಾಗ ಎಷ್ಟು ಒತ್ತುತ್ತದೋ ಅಷ್ಟು ಒತ್ತಬೇಕು, ಸಂಕೋಚ ಬೇಡ. ಪುಸ್ತಕದ ಮೇಲಂಚಿಗೆ ಮನೆಯವರಿಂದ ಪೆನ್ಸಿಲ್ ಗುರುತು ಹಾಕಿಸಿ ನೆಲದಿಂದ ಅಳೆಯಿರಿ. ಮೂರು ಸಲ ಅಳೆದರೆ ಒಳ್ಳೆಯದು. ದರ್ಜಿ ಪ್ಯಾಂಟಿಗೆ ತೆಗೆದ ಅಳತೆ ಇದಕ್ಕೆ ಆಗುವುದಿಲ್ಲ, ಅದು ಯಾವಾಗಲೂ ಕಡಿಮೆ ಬರುತ್ತದೆ.

ನನ್ನ ಒಳಗಾಲಿನ ಅಳತೆ 93 ಸೆಂ.ಮೀ. ಅದನ್ನು 0.883ರಿಂದ ಗುಣಿಸಿದರೆ 82. ಪೆಡಲ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ದೂರ ಅದು. ಟೂರ್ ಡಿ ಫ್ರಾನ್ಸ್ ಅನ್ನು ಮೂರು ಬಾರಿ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರ. ಕೊನೆಯ ಮಾತೇನಲ್ಲ, ಆದರೆ ಲೆಕ್ಕ ಶುರು ಮಾಡಲು ಸಾಕು. ಅದೇ 93ನ್ನು 0.65ರಿಂದ 0.67ರವರೆಗಿನ ಸಂಖ್ಯೆಯಿಂದ ಗುಣಿಸಿದರೆ ಹಳೆಯ ಕ್ರಮದ ಫ್ರೇಮ್ ಅಳತೆ, ಅಂದರೆ ಸೀಟಿನ ಕೊಳವೆಯ ಉದ್ದ, ಸಿಗುತ್ತದೆ: 60ರಿಂದ 62 ಸೆಂ.ಮೀ. ನಾನು ಕೊಂಡಿದ್ದು 56!

ಇಲ್ಲೊಂದು ನೆನಪು. ನನ್ನ ತಾತನೂ ಎತ್ತರದ ಆಳು. ಅವರ ಕಾಲದಲ್ಲಿ ಸೈಕಲ್ ಅಂಗಡಿಯವರು ಮೊದಲು ಕೇಳುತ್ತಿದ್ದುದೇ "22 ಇಂಚೋ, 24 ಇಂಚೋ?" ಎಂದು. ನಮ್ಮ ಮನೆಯಲ್ಲಿದ್ದುದು 24 ಇಂಚಿನ ಕಪ್ಪು ಸೈಕಲ್. ನಾನು ಅದರಲ್ಲೇ ಒಳಪೆಡಲ್ ತುಳಿಯುತ್ತಾ ಕಲಿತವನು. ಅದು ಚಕ್ರದ್ದಲ್ಲ, ಫ್ರೇಮಿನ ಅಳತೆ; 24 ಇಂಚೆಂದರೆ 61 ಸೆಂ.ಮೀ. ತಾಲ್ಲೂಕು ಕೇಂದ್ರದ ಸಾಧಾರಣ ಅಂಗಡಿಯಲ್ಲಿ ಸಿಗುತ್ತಿದ್ದ ಆ ಅಳತೆಯನ್ನು ಈಗ ದೊಡ್ಡ ಊರಿನ ಹೊಳೆಯುವ ಅಂಗಡಿಗಳಲ್ಲಿ ಹುಡುಕಬೇಕಾಗಿದೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಅಂಗಡಿಯವರ ಕಷ್ಟವೂ ಅರ್ಥವಾಗುತ್ತದೆ. ನಮ್ಮ ದೇಶದ ಗಂಡಸರ ಸರಾಸರಿ ಎತ್ತರ 165 ಸೆಂ.ಮೀ. ಆಸುಪಾಸು, ನಮ್ಮಂಥವರಿಗಾಗಿ ವರ್ಷಗಟ್ಟಲೆ ದಾಸ್ತಾನು ಇಟ್ಟು ಕಾಯುವವರು ಯಾರು?

ಫ್ರೇಮಿನ ಮೇಲೆ ಬರೆದ ಸಂಖ್ಯೆಯನ್ನು ಮಾತ್ರ ನಂಬಬೇಡಿ. ಈಗ ಮೇಲಿನ ಬಾರ್ ಸೀಟಿನ ಕಡೆಗೆ ಇಳಿಜಾರಾಗಿರುತ್ತದೆ, ಒಂದು ಕಂಪನಿಯ ಎಕ್ಸ್‌ಎಲ್ ಇನ್ನೊಂದರ ಎಲ್‌ಗೆ ಸಮವಾಗಿರುವುದೂ ಉಂಟು. ಬಾರಿನ ಆಚೀಚೆ ಕಾಲಿಟ್ಟು ನಿಂತು ನೋಡಿ ಎನ್ನುತ್ತಾರಲ್ಲ, ಆ ಪರೀಕ್ಷೆ ನಮ್ಮಂಥವರಿಗೆ ಏನನ್ನೂ ಹೇಳುವುದಿಲ್ಲ. ನಮ್ಮ ಕಾಲಿಗೆ ಎಲ್ಲ ಸೈಕಲ್ಲೂ ಪಾಸಾಗುತ್ತದೆ. ನೋಡಬೇಕಾದ್ದು ಎರಡು ಸಂಖ್ಯೆ: ಸ್ಟ್ಯಾಕ್ ಮತ್ತು ರೀಚ್. ಪೆಡಲ್ ತಿರುಗುವ ನಡುಬಿಂದುವಿನಿಂದ ಹ್ಯಾಂಡಲ್ ಕೂರುವ ಕೊಳವೆಯ ತುದಿ ಎಷ್ಟು ಎತ್ತರದಲ್ಲಿದೆ ಎಂಬುದು ಸ್ಟ್ಯಾಕ್. ಎಷ್ಟು ಮುಂದಿದೆ ಎಂಬುದು ರೀಚ್. ಕಂಪನಿಗಳು ತಮ್ಮ ಜಾಲತಾಣದಲ್ಲಿ ಇವನ್ನು ಕೊಟ್ಟಿರುತ್ತವೆ. ಹಳೆಯ ಸೈಕಲ್ ಆಗಿದ್ದರೆ ನೀವೇ ಅಳೆಯಬಹುದು. ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಹಿಂದಿನ ಚಕ್ರ ಗೋಡೆಗೆ ತಾಗಿರಲಿ. ಕೊಳವೆಯ ತುದಿ ನೆಲದಿಂದ ಎಷ್ಟು ಎತ್ತರ ಎಂದು ನೋಡಿ, ಅದರಲ್ಲಿ ಪೆಡಲ್ ನಡುವಿನ ಎತ್ತರವನ್ನು ಕಳೆಯಿರಿ. ಅದು ಸ್ಟ್ಯಾಕ್. ಅದೇ ಎರಡು ಬಿಂದುಗಳು ಗೋಡೆಯಿಂದ ಎಷ್ಟು ದೂರ ಎಂದು ಅಳೆದು ಒಂದರಿಂದ ಇನ್ನೊಂದನ್ನು ಕಳೆದರೆ ರೀಚ್. ಒಂದು ಟೇಪು, ಹಿಡಿದುಕೊಳ್ಳಲು ಒಬ್ಬ ಗೆಳೆಯ ಸಾಕು. ನನ್ನ ಈಗಿನ ಸೈಕಲ್ಲಿನಲ್ಲಿ ಇವು 63 ಮತ್ತು 40 ಸೆಂ.ಮೀ. ನಿಮ್ಮ ಎತ್ತರಕ್ಕೆ ಸ್ಟ್ಯಾಕ್ 62ಕ್ಕಿಂತ ಕಡಿಮೆಯಿದ್ದರೆ ನಾನಾದರೆ ಬೇಡ ಎನ್ನುತ್ತೇನೆ.

ಹೊಸದರಲ್ಲಿ ನಿಮ್ಮ ಬಜೆಟ್ಟಿಗೆ ಹತ್ತಿರ ಬರುವುದು ಡೆಕಾಥ್ಲಾನಿನ ಟ್ರೈಬನ್. ಅದರಲ್ಲಿ ಎಕ್ಸ್‌ಎಲ್ ಅಳತೆ ತಯಾರಾಗುತ್ತದೆ. ಮಳಿಗೆಯಲ್ಲಿ ಕಾಣದಿದ್ದರೆ ತರಿಸಿಕೊಡುತ್ತೀರಾ ಎಂದು ಕೇಳಿ, ಬಂದ ಮೇಲೆ ಟೇಪು ಹಿಡಿದು ಹೋಗಿ. ನಿಮ್ಮ ಎತ್ತರಕ್ಕೆ ಅದು ಅಂಚಿನ ಅಳತೆ, ಕೂತು ನೋಡದೆ ದುಡ್ಡು ಕೊಡಬೇಡಿ. ಟ್ರೆಕ್, ಸ್ಪೆಷಲೈಜ್ಡ್‌ನಂಥ ಕಂಪನಿಗಳ ಆರಂಭದ ಮಾದರಿಗಳಲ್ಲೇ 60ರ ಮೇಲಿನ ಅಳತೆಗಳಿವೆ, ಆದರೆ ಹೊಸದಾದರೆ ನಿಮ್ಮ 50 ಸಾವಿರ ಸಾಲದು.

ಆದ್ದರಿಂದ ನನ್ನ ಸಲಹೆ ಸೆಕೆಂಡ್ ಹ್ಯಾಂಡ್. ನಮ್ಮ ಎತ್ತರ ನಮಗೆ ಅನುಕೂಲವಾಗುವುದು ಇಲ್ಲೇ. ದೊಡ್ಡ ಫ್ರೇಮುಗಳು ಮಾರಾಟಕ್ಕೆ ಬರುವುದು ಅಪರೂಪ, ನಿಜ. ಬಂದಾಗ ಕೊಳ್ಳುವವರು ಅದಕ್ಕಿಂತ ಅಪರೂಪ. 54ರ ಸೈಕಲ್ಲಿಗೆ ಬೆಳಗ್ಗೆ ಜಾಹೀರಾತು ಹಾಕಿದರೆ ಸಂಜೆಯೊಳಗೆ ಹತ್ತು ಜನ ಕರೆ ಮಾಡುತ್ತಾರೆ. 61ರದ್ದು ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ, ಬೆಲೆ ತಾನಾಗಿ ಇಳಿಯುತ್ತದೆ. ಈಗಿನ ಸೈಕಲ್ಲನ್ನು ನಾನು ಕೊಂಡದ್ದು ಬೆಂಗಳೂರಿನಲ್ಲಿ, ವಿದೇಶಕ್ಕೆ ಹೊರಟಿದ್ದ ಒಬ್ಬ ಎತ್ತರದ ಮನುಷ್ಯನಿಂದ. ಎಂಟು ತಿಂಗಳಿಂದ ಮಾರಲು ನೋಡುತ್ತಿದ್ದರಂತೆ. ಬಾಗಿಲು ತೆರೆದು ನನ್ನನ್ನು ಕಂಡವರೇ "ನೀವು ಬರುವುದನ್ನೇ ಕಾಯುತ್ತಿದ್ದೆ" ಎಂದರು. ಅಲ್ಯೂಮಿನಿಯಂ ಫ್ರೇಮ್, 61, ಶಿಮಾನೊ ಕಂಪನಿಯ ಆರಂಭದ ದರ್ಜೆಯ ಕ್ಲಾರಿಸ್ ಗೇರು, 32 ಸಾವಿರ. ಹುಡುಕಲು ನನಗೆ ಏಳು ತಿಂಗಳು ಹಿಡಿಯಿತು. ನೀವೂ ಆರು ತಿಂಗಳಾದರೂ ಕಾಯಲು ಸಿದ್ಧರಾಗಿ. ಹಳೆಯ ಸೈಕಲ್ ಮಾರುವ ಆ್ಯಪುಗಳ ಜೊತೆಗೆ, 200, 300 ಕಿ.ಮೀ. ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸುವ ದೂರದ ಸೈಕಲ್ ಸವಾರಿ) ಓಡಿಸುವವರ ಬಳಗದಲ್ಲಿ ನಿಮ್ಮ ಎತ್ತರವನ್ನು ಹೇಳಿಡಿ. ಉದ್ದನೆಯ ಮನುಷ್ಯನಿಗೆ ಸೈಕಲ್ ಬೇಕು ಎಂಬ ಮಾತು ಜನರ ನೆನಪಿನಲ್ಲಿ ಉಳಿಯುತ್ತದೆ. ಬೆಂಗಳೂರಿಗೆ ಹೋಗಿ ಬರುವ ಬಸ್ ಖರ್ಚು ನೋಡಬೇಡಿ.

ಹಳೆಯದನ್ನು ನೋಡುವಾಗ ಮೊದಲು ಸೀಟಿನ ಕಂಬವನ್ನು ಪೂರ್ತಿ ಹೊರಗೆಳೆಯಿರಿ. ಇದನ್ನು ತಪ್ಪಿಸಬೇಡಿ. ವರ್ಷಗಟ್ಟಲೆ ಅಲುಗಾಡಿಸದ ಕಂಬ ಬೆವರಿಗೆ, ಮಳೆನೀರಿಗೆ ಒಳಗೇ ಕಚ್ಚಿಕೊಂಡಿರುತ್ತದೆ. ಆಗ ಎತ್ತರ ಬದಲಿಸಲಾಗದ ಸೈಕಲ್ಲಿಗೆ ದುಡ್ಡು ಕೊಟ್ಟಂತಾಗುತ್ತದೆ. ಹೊರಬಂದ ಮೇಲೆ ಕನಿಷ್ಠ ಎಷ್ಟು ಒಳಗಿರಬೇಕು ಎಂಬ ಗೆರೆ ಎಲ್ಲಿದೆ ನೋಡಿ, ನಿಮ್ಮ ಎತ್ತರಕ್ಕೆ ಇಟ್ಟಾಗ ಅದು ಹೊರಗೆ ಕಾಣಬಾರದು. ಕಂಬದ ಕೆಳತುದಿ ಮೇಲಿನ ಬಾರ್ ಸೇರುವ ಜಾಗಕ್ಕಿಂತ ಕೆಳಗಿರಬೇಕು, ಇಲ್ಲವಾದರೆ ಫ್ರೇಮ್ ಅಲ್ಲೇ ಸೀಳಬಹುದು. ಉದ್ದ ಕಂಬ ಸನ್ನೆಕೋಲಿನಂತೆ, ನಮ್ಮ ಭಾರವೆಲ್ಲ ಅದರ ಬುಡದ ಮೇಲೆ. ಆ ಬೆಸುಗೆಯ ಸುತ್ತ, ಪೆಡಲ್ ನಡುವಿನ ಸುತ್ತ, ಮುಂದಿನ ಕೊಳವೆಯ ಕೆಳಗೆ ಒದ್ದೆ ಬಟ್ಟೆಯಿಂದ ಒರೆಸಿ, ಮೊಬೈಲ್ ಟಾರ್ಚ್ ಹಾಕಿ ನೋಡಿ. ಕೂದಲೆಳೆಯಂಥ ಗೆರೆ ಕಂಡರೆ ಎಷ್ಟು ಅಗ್ಗವಾದರೂ ಬಿಟ್ಟುಬಿಡಿ. ಚೈನಿನ ಮೇಲೆ ಸ್ಕೇಲ್ ಇಡಿ: ಒಂದು ಪಿನ್ನಿನ ನಡುವಿನಿಂದ, ಅದನ್ನು ಬಿಟ್ಟು ಎಣಿಸಿದ 24ನೇ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚು ಬರಬೇಕು. ಎಂಟನೇ ಒಂದು ಇಂಚು ಹೆಚ್ಚು ಬಂದರೆ ಚೈನ್ ಜೊತೆ ಹಿಂದಿನ ಗೇರಿನ ಹಲ್ಲುಗಳೂ ಸವೆದಿವೆ ಎಂದರ್ಥ, ಅಷ್ಟು ಬೆಲೆ ಇಳಿಸಲು ಕೇಳಿ. ಮೂಲ ರಸೀದಿ ಇದೆಯೇ ಎಂದೂ ಕೇಳಿ. ಕದ್ದ ಮಾಲು ನಮಗೆ ಬೇಡ.

ಉಳಿಸಿದ ದುಡ್ಡಿನಲ್ಲಿ ಮೊದಲು ಹಿಂದಿನ ಚಕ್ರದ ಕಡೆ ಗಮನ ಕೊಡಿ. ಎತ್ತರದವರ ತೂಕ ಸಹಜವಾಗಿ ಹೆಚ್ಚು, ನಾನು 92 ಕೆ.ಜಿ. ಅಂದಕ್ಕೆಂದು 20, 24 ಕಡ್ಡಿ ಹಾಕಿದ ಚಕ್ರದಲ್ಲಿ ನನಗೆ ಎರಡು ಸಲ ಕಡ್ಡಿ ಮುರಿಯಿತು. 32 ಕಡ್ಡಿಯ ಚಕ್ರವನ್ನು ಕೈಪಳಗಿದ ಮೇಸ್ತ್ರಿಯಿಂದ ಕಟ್ಟಿಸಿದ ಮೇಲೆ ಇದುವರೆಗೂ ಒಂದೂ ಹೋಗಿಲ್ಲ. ಟೈರು ಫ್ರೇಮ್ ಹಿಡಿಯುವಷ್ಟು ಅಗಲದ್ದು ಹಾಕಿಸಿ, 28 ಮಿ.ಮೀ. ಆದರೂ ಇರಲಿ. ಹ್ಯಾಂಡಲ್ ಅಗಲ 44 ಅಥವಾ 46 ಸೆಂ.ಮೀ. ಇದ್ದರೆ ಭುಜಕ್ಕೆ ಹಾಯಾಗಿರುತ್ತದೆ. ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಅನ್ನು ತಿರುಗಿಸಿ ಹಾಕಿದರೆ ಒಂದೆರಡು ಸೆಂ.ಮೀ. ಎತ್ತರ ಪುಕ್ಕಟೆ ಸಿಗುತ್ತದೆ. ಕ್ರ್ಯಾಂಕ್ (ಪೆಡಲ್ ಹಿಡಿದಿರುವ ತೋಳು) ಉದ್ದದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ದೊಡ್ಡ ಫ್ರೇಮುಗಳಲ್ಲಿ ಸಾಮಾನ್ಯವಾಗಿ 175 ಮಿ.ಮೀ. ಇರುತ್ತದೆ, ಸಾಕು. ಗೇರು ಕ್ಲಾರಿಸೋ, ಅದಕ್ಕಿಂತ ಮೇಲಿನ ದರ್ಜೆಯ ಸೋರಾವೋ ಎಂಬ ಚರ್ಚೆಗೂ ಹೋಗಬೇಡಿ. ಅಳತೆ ಸರಿಯಿರುವ ಕ್ಲಾರಿಸ್ ಸೈಕಲ್ಲಿನಲ್ಲಿ ನಾನು ನಂದಿ ಬೆಟ್ಟ ಹತ್ತಿದ್ದೇನೆ.

ಎಕ್ಸ್‌ಎಲ್ ಅಳತೆಯ ಹೈಬ್ರಿಡ್ (ನೇರ ಹ್ಯಾಂಡಲ್ಲಿನ ಸೈಕಲ್) ಕೊಂಡು ಅದಕ್ಕೆ ಬಾಗಿದ ಹ್ಯಾಂಡಲ್ ಹಾಕಿಸಿಕೊಳ್ಳಿ ಎಂದು ಯಾರಾದರೂ ಹೇಳಬಹುದು. ಬೇಡ. ಬ್ರೇಕು, ಗೇರಿನ ಹಿಡಿಗಳು ಬೇರೆಯೇ ಬೇಕಾಗುತ್ತವೆ, ಇರುವ ಬ್ರೇಕು, ಗೇರಿನ ಭಾಗಗಳ ಜೊತೆ ಅವು ಹಲವೊಮ್ಮೆ ಹೊಂದುವುದಿಲ್ಲ, ಕೊನೆಗೆ ಖರ್ಚು ಒಂದು ಹಳೆಯ ರೋಡ್ ಸೈಕಲ್ಲಿನಷ್ಟೇ ಆಗುತ್ತದೆ.

ಈಗ ನಾನು ಭಾನುವಾರ ನಂಜನಗೂಡಿಗೆ ಹೋಗಿ, ಕಪಿಲಾ ನದಿಯ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ಕುಳಿತು, ಬಿಸಿಲೇರುವ ಮೊದಲು ಮನೆಗೆ ಬಂದು ಅಂಗಿಯ ಗುಂಡಿಗಳನ್ನು ನೋಡದೆಯೇ ಹಾಕಿಕೊಳ್ಳುತ್ತೇನೆ.

ನಿಮ್ಮ ಒಳಗಾಲಿನ ಅಳತೆ, ತೂಕ ಮತ್ತು ಊರು ಯಾವುದೆಂದು ಕೆಳಗೆ ಬರೆಯಿರಿ. ಮಾರಾಟಕ್ಕಿರುವ ಸೈಕಲ್ ಯಾವುದಾದರೂ ಕಣ್ಣಿಗೆ ಬಿದ್ದರೆ ಅದರ ಮಾದರಿ, ವರ್ಷ ತಿಳಿಸಿ. ಸ್ಟ್ಯಾಕ್, ರೀಚ್ ನೋಡಿ ನಿಮಗೆ ಆಗುತ್ತದೆಯೋ ಇಲ್ಲವೋ ಲೆಕ್ಕ ಹಾಕಿ ಹೇಳುತ್ತೇನೆ.